ನೆಂಟರು ಮೂಗು ಮುಚ್ಚಿಕೊಂಡರೆ ಮೊದಲು ಗೊಬ್ಬರದ ರಾಶಿ ನೋಡಿ

"ಕೈ ಕೆಸರಾದರೆ ಬಾಯಿ ಮೊಸರು" ಅಂತ ಮಕ್ಕಳಿಗೆ ಬಾಯಿಪಾಠ ಮಾಡಿಸುವ ನೆಂಟರೇ, ನಿಜಕ್ಕೂ ಕೈ ಕೆಸರು ಮಾಡಿಕೊಂಡವರನ್ನು ಕಂಡರೆ ಮುಖ ಸಿಂಡರಿಸುತ್ತಾರೆ. ಇಷ್ಟೆಲ್ಲ ಓದಿ ಕೋಳಿ ಹಿಂದೆ ಓಡೋದಾ? ಅಂಗಡಿಯಲ್ಲಿ ಸಿಗೋ ಮೊಟ್ಟೆಗೆ ಇಷ್ಟು ಪಾಡಾ? ಒಂದು ಮದುವೆಗೆ ಬಂದು ಎರಡು ದಿನ ಇರೋಕೂ ಆಗಲ್ವಾ? ಮನೆಗೆ ಬೇಕಾದ್ದನ್ನು ಆದಷ್ಟು ತಾವೇ ಬೆಳೆದು, ಸಾಕಿ ಬದುಕುವುದನ್ನು ನೀವು ಹೋಮ್‌ಸ್ಟೆಡಿಂಗ್ ಅನ್ನಿ, ಸ್ವಾವಲಂಬಿ ಬದುಕು ಅನ್ನಿ, ಪ್ರಶ್ನೆ ಮಾತ್ರ ಅವೇ.

ಇವಕ್ಕೆ ಪ್ರಕೃತಿ, ಆರೋಗ್ಯ, ಮುಂದಿನ ಪೀಳಿಗೆ ಅಂತ ಭಾಷಣ ಬಿಗಿದು ಯಾರನ್ನೂ ಒಪ್ಪಿಸಲು ಆಗುವುದಿಲ್ಲ. ಆ ಶ್ರಮ ಬೇಡ. ನೆಂಟರ ಮಾತಿನಲ್ಲಿ ಅರ್ಧಕ್ಕರ್ಧ ಕೊಂಕು ಇರಬಹುದು, ಆದರೆ ಉಳಿದರ್ಧ ಶುದ್ಧ ತಾಂತ್ರಿಕ ದೂರು. ನಾಜೂಕಿಲ್ಲದ ಭಾಷೆಯಲ್ಲಿ ಬರುವುದರಿಂದ ನಾವು ಅದನ್ನು ಅವಮಾನ ಅಂತ ತೆಗೆದುಕೊಂಡು ಬಿಡುತ್ತೇವೆ.

ವಾಸನೆಯನ್ನೇ ತೆಗೆದುಕೊಳ್ಳಿ. ಅತ್ತೆ ಗೇಟು ದಾಟುತ್ತಲೇ ಸೆರಗು ಮೂಗಿಗೆ ಒತ್ತಿಕೊಂಡರೆ ಮನೆಯವರಿಗೆ ಸಿಟ್ಟು ಬರುತ್ತದೆ, ಏಕೆಂದರೆ ಅವರಿಗೆ ಯಾವ ವಾಸನೆಯೂ ಬರುತ್ತಿಲ್ಲ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಇದ್ದರೆ ಮೂಗು ಅದಕ್ಕೆ ಒಗ್ಗಿ, ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನೇ ನಿಲ್ಲಿಸುತ್ತದೆ. ಹಾಗಾಗಿ ಕೋಳಿಗೂಡಿನ ಪಕ್ಕದಲ್ಲೇ ಬದುಕುವವರ ಮೂಗಿಗಿಂತ ಆಗಷ್ಟೇ ಬಂದ ನೆಂಟರ ಮೂಗು ನಂಬಲರ್ಹ. ಪುಕ್ಕಟೆ ಸಿಗುವ ಮೀಟರ್ ಅದು. ಕೇಳಬೇಕಾದದ್ದು ಇಷ್ಟೇ: "ಎಂಥಾ ವಾಸನೆ? ಕಣ್ಣು ಉರಿಯೋ ಥರದ್ದಾ, ಕೊಳೆತ ಮೊಟ್ಟೆ ಥರದ್ದಾ?"

ಕಣ್ಣು, ಮೂಗು ಚುರುಗುಟ್ಟಿದರೆ ಅಮೋನಿಯಾ. ಗೊಬ್ಬರದ ರಾಶಿಯಿಂದ ಬರುತ್ತಿದ್ದರೆ ಹಸಿ ಪದಾರ್ಥ ಜಾಸ್ತಿಯಾಗಿ ಒಣ ಪದಾರ್ಥ ಕಡಿಮೆಯಾಗಿದೆ ಅಂತ ಅರ್ಥ. ಹಸಿ ಪದಾರ್ಥದಲ್ಲಿ ಸಾರಜನಕ ಹೆಚ್ಚು, ಒಣದರಲ್ಲಿ ಇಂಗಾಲ ಹೆಚ್ಚು. ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಇದ್ದರೆ ರಾಶಿ ಸರಿಯಾಗಿ ಕಳಿಯುತ್ತದೆ. ಕೋಳಿ ಹಿಕ್ಕೆಯಲ್ಲಿ ಈ ಅನುಪಾತ ಹತ್ತರ ಆಸುಪಾಸು, ಅಡುಗೆಮನೆ ಕಸದಲ್ಲಿ ಹದಿನೈದು ಇಪ್ಪತ್ತು, ಒಣ ಎಲೆಯಲ್ಲಿ ನಲವತ್ತರಿಂದ ಎಂಬತ್ತು, ಗರಗಸದ ಹೊಟ್ಟಿನಲ್ಲಿ ಇನ್ನೂರರ ಮೇಲೆ. ದಿನಾ ತಕ್ಕಡಿ ಹಿಡಿಯುವ ಅಗತ್ಯವಿಲ್ಲ: ಒಂದು ಬಕೆಟ್ ಅಡುಗೆಮನೆ ಕಸಕ್ಕೆ ಎರಡು ಮೂರು ಬಕೆಟ್ ತರಗೆಲೆ, ಹಿಕ್ಕೆಯಾದರೆ ಇನ್ನೂ ಒಂದು ಬಕೆಟ್ ಹೆಚ್ಚು. ಎಲೆ ಉದುರುವ ಕಾಲದಲ್ಲೇ ಗೋಣಿಚೀಲಗಟ್ಟಲೆ ತರಗೆಲೆ ತುಂಬಿಟ್ಟುಕೊಳ್ಳದವರ ರಾಶಿ ಉಳಿದ ತಿಂಗಳುಗಳಲ್ಲಿ ನಾರುತ್ತದೆ. ನಾರುವ ರಾಶಿಯ ಹಿಂದೆ ಹೆಚ್ಚಿನಂಶ ಈ ಸೋಮಾರಿತನವೇ ಇರುವುದು.

ಕೊಳೆತ ಮೊಟ್ಟೆ ವಾಸನೆಯಾದರೆ ಕಾಯಿಲೆ ಬೇರೆ. ಒಳಗೆ ಗಾಳಿ ಇಲ್ಲ, ನೀರು ಜಾಸ್ತಿ. ರಾಶಿಯ ನಡುವಿನಿಂದ ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ: ಬೆರಳ ಸಂದಿಯಲ್ಲಿ ಒಂದೆರಡು ಹನಿ ಒಸರಿದರೆ ಹದ ಸರಿ, ಧಾರೆಯಾಗಿ ಸುರಿದರೆ ಒದ್ದೆ ಹೆಚ್ಚು, ಬಿಟ್ಟ ಕೂಡಲೇ ಪುಡಿಪುಡಿಯಾಗಿ ಉದುರಿದರೆ ಒಣಗಿದೆ. ಒದ್ದೆ ರಾಶಿಯನ್ನು ಪೂರ್ತಿ ಬಿಚ್ಚಿ, ತುಂಡು ಕಡ್ಡಿ, ದಪ್ಪ ಒಣಹುಲ್ಲು ಬೆರೆಸಿ ಮತ್ತೆ ಕಟ್ಟಬೇಕು. ಮೇಲೆ ಒಂದು ಪದರ ಎಲೆ ಹರಡಿ ಮುಚ್ಚಿಟ್ಟರೆ ವಾಸನೆ ಎರಡು ದಿನ ಅಡಗುತ್ತದೆ, ಅಷ್ಟೇ. ಉದ್ದ, ಅಗಲ, ಎತ್ತರ ತಲಾ ಒಂದು ಮೀಟರ್ ಇಲ್ಲದ ರಾಶಿ ಕಾವು ಹಿಡಿದಿಟ್ಟುಕೊಳ್ಳುವುದಿಲ್ಲ. ಅಷ್ಟಿದ್ದು ಹದವೂ ಸರಿಯಿದ್ದರೆ ಮೂರು ನಾಲ್ಕು ದಿನದಲ್ಲಿ ನಡುವಿನ ಬಿಸಿ 55ರಿಂದ 65 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ. ಒಂದು ಕಬ್ಬಿಣದ ಸರಳನ್ನು ಒಳಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ಎಳೆಯಿರಿ. ಹಿಡಿದುಕೊಂಡಿರಲು ಆಗದಷ್ಟು ಸುಡುತ್ತಿದ್ದರೆ ಸರಿಯಾಗಿದೆ. 70 ದಾಟಿದರೆ ಕೆಲಸ ಮಾಡುವ ಸೂಕ್ಷ್ಮಜೀವಿಗಳೇ ಸಾಯತೊಡಗುತ್ತವೆ, ಆಗ ತಿರುವಿ ಹಾಕಿ.

ಕೋಳಿಗೂಡಿನ ಅಮೋನಿಯಾಕ್ಕೆ ಬೇರೆ ಮದ್ದು. ಒಂದು ಕೋಳಿ ದಿನಕ್ಕೆ ಸುಮಾರು ನೂರು ಗ್ರಾಂ ಹಸಿ ಹಿಕ್ಕೆ ಹಾಕುತ್ತದೆ, ಅದರಲ್ಲಿ ದೊಡ್ಡ ಪಾಲು ರಾತ್ರಿ ಕೂರುವ ಅಡ್ಡಕೋಲಿನ ಕೆಳಗೆ ಬೀಳುತ್ತದೆ. ಕೋಲಿನ ಅಡಿಗೆ ಒಂದು ಹಲಗೆ ಇಟ್ಟು ಬೆಳಿಗ್ಗೆ ಎರಡು ನಿಮಿಷ ಕೆರೆದು ಗೊಬ್ಬರದ ರಾಶಿಗೆ ಹಾಕಿದರೆ ಗೂಡಿನ ಅರ್ಧ ಸಮಸ್ಯೆ ಮುಗಿಯಿತು. ನೆಲಕ್ಕೆ 10ರಿಂದ 15 ಸೆಂಟಿಮೀಟರ್ ದಪ್ಪ ಹೊಟ್ಟು. ಗಾಳಿಕಿಂಡಿ ಕೋಲಿಗಿಂತ ಮೇಲಿರಲಿ, ಕೋಳಿಯ ಮೈಮೇಲೆ ನೇರ ಬೀಸಬಾರದು. ವಾಸನೆ ಇದೆಯೇ ಅಂತ ನಿಂತು ನೋಡಬೇಡಿ, ಬಗ್ಗಿ ಕೋಳಿಯ ತಲೆಯ ಮಟ್ಟದಲ್ಲಿ ಉಸಿರೆಳೆದು ನೋಡಿ. ಹೊಟ್ಟು ಒದ್ದೆಯಾಗುವುದು ಹೆಚ್ಚಾಗಿ ನೀರಿನ ಪಾತ್ರೆಯ ಸುತ್ತಲೇ, ಅಲ್ಲಿಂದಲೇ ನೊಣವೂ ಹುಟ್ಟುವುದು. ಇನ್ನೊಂದು: ವಾಸನೆ ಬಂತು ಅಂತ ಸುಣ್ಣ, ಬೂದಿ ಎರಚುವ ಅಭ್ಯಾಸ ಇದೆಯಲ್ಲ, ಅದು ಉಲ್ಟಾ ಹೊಡೆಯುತ್ತದೆ. ಕ್ಷಾರ ಸೇರಿದಷ್ಟೂ ಹಸಿ ಹಿಕ್ಕೆಯಿಂದ ಅಮೋನಿಯಾ ಹೆಚ್ಚು ಹೊರಬರುತ್ತದೆ.

ಸೊಳ್ಳೆಯ ದೂರು ಬಂದರೆ ಮಳೆನೀರಿನ ಟ್ಯಾಂಕ್ ನೋಡಿ. ಬೆಚ್ಚನೆಯ ಹವೆಯಲ್ಲಿ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಏಳೆಂಟು ದಿನ ಸಾಕು. ಬಾಯಿಗೆ ಬಲೆ ಕಟ್ಟಿರುತ್ತಾರೆ, ಹೆಚ್ಚಾದ ನೀರು ಹೊರಹೋಗುವ ಪೈಪಿನ ಬಾಯಿ ತೆರೆದೇ ಇರುತ್ತದೆ. ಎರಡಕ್ಕೂ ಒಂದು ಮಿಲಿಮೀಟರಿಗಿಂತ ಸಣ್ಣ ಕಣ್ಣಿನ ಬಲೆ ಬೇಕು. ಟ್ಯಾಂಕಿನ ನೀರಿನ ಬಣ್ಣ ನೋಡಿ ಯಾರಾದರೂ ಹುಬ್ಬು ಗಂಟಿಕ್ಕಿದರೆ ಮೊದಲ ಮಳೆಯ ನೀರನ್ನು ನೀವು ಹೊರಗೆ ಬಿಟ್ಟಿಲ್ಲ. ಒಂದು ಚದರ ಮೀಟರ್ ಚಾವಣಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನೂರು ಚದರ ಮೀಟರ್ ಚಾವಣಿಯ ಮೊದಲ ನೂರು ಲೀಟರಾದರೂ ಧೂಳು, ಹಕ್ಕಿ ಹಿಕ್ಕೆ ಸಮೇತ ಆಚೆ ಹೋಗಬೇಕು.

ನೀರಿನ ಬದಲು ಹೊಟ್ಟು ಹಾಕಿ ಗೊಬ್ಬರ ಮಾಡುವ ಒಣ ಪಾಯಿಖಾನೆಯ ವಿಷಯಕ್ಕೆ ಬಂದರೆ ನನ್ನ ನಿಲುವು ಸರಳ: ನೆಂಟರಿಗೆ ಅಂತ ಒಂದು ಫ್ಲಶ್ ಇರುವ ಪಾಯಿಖಾನೆ ಇಟ್ಟುಬಿಡಿ. ಸೋತ ಹಾಗೇನಲ್ಲ. ಮೊಣಕಾಲು ನೋವಿನ ಹಿರಿಯರು ನಡುರಾತ್ರಿ ಟಾರ್ಚ್ ಹಿಡಿದು ಹೊಟ್ಟಿನ ಡಬ್ಬಿ ಹುಡುಕಬೇಕಾದರೆ ಅವರು ಮತ್ತೆ ಬರುವುದಿಲ್ಲ, ಬರಬೇಕು ಅಂತ ಹೇಳುವ ಹಕ್ಕೂ ನಮಗಿಲ್ಲ. ಬೇರೆ ದಾರಿಯೇ ಇಲ್ಲದಿದ್ದರೆ ಮೂತ್ರ ಬೇರೆಯಾಗಿ ಹರಿಯುವ ಸೀಟು ಹಾಕಿಸಿ. ಮಲ, ಮೂತ್ರ ಎರಡೂ ಕಲೆತಾಗಲೇ ನಾತ ಹೆಚ್ಚುವುದು. ಪ್ರತಿ ಸಲ ಒಂದೆರಡು ಮಗ್ ಒಣ ಹೊಟ್ಟು ಹಾಕಬೇಕು ಅನ್ನುವ ಸೂಚನೆಯನ್ನು ಕೂತವರ ಕಣ್ಣಿನ ಮಟ್ಟದಲ್ಲಿ ಅಂಟಿಸಿ. ಬಾಗಿಲ ಹೊರಗೆ ಅಂಟಿಸಿದ್ದನ್ನು ಅವಸರದಲ್ಲಿ ಓಡಿ ಬಂದವರು ಯಾರೂ ಓದುವುದಿಲ್ಲ.

ಇನ್ನು ದುಡ್ಡಿನ ಮಾತು. "ಇಷ್ಟು ಮಾಡಿ ಏನು ಉಳೀತು?" ಅಂತ ಭಾವ ಕೇಳಿದಾಗ ಉತ್ತರ ಗೊಣಗಬೇಡಿ, ಲೆಕ್ಕ ಕೊಡಿ. ಮೊಟ್ಟೆ ಕೋಳಿ ದಿನಕ್ಕೆ ಸುಮಾರು 110 ಗ್ರಾಂ ಮೇವು ತಿನ್ನುತ್ತದೆ, ವರ್ಷಕ್ಕೆ 40 ಕಿಲೋ. ಒಳ್ಳೆಯ ಹೈಬ್ರಿಡ್ ತಳಿ ಮೊದಲ ವರ್ಷ 250 ಮೊಟ್ಟೆ ಇಟ್ಟರೆ ಒಂದು ಮೊಟ್ಟೆಗೆ 160 ಗ್ರಾಂ ಮೇವು ಬಿತ್ತು. ಆ 160 ಗ್ರಾಮಿನ ಬೆಲೆಯನ್ನು ಅಂಗಡಿ ಮೊಟ್ಟೆಯ ಬೆಲೆಯ ಪಕ್ಕ ಇಟ್ಟು ನೋಡಿ. ಅದಕ್ಕೆ ಗೂಡಿನ ಖರ್ಚು, ಪುಕ್ಕ ಉದುರಿಸುವ ಎರಡು ಮೂರು ತಿಂಗಳ ಖಾಲಿ ಬುಟ್ಟಿ, ವರ್ಷ ಕಳೆದಂತೆ ಇಳಿಯುವ ಇಳುವರಿ ಎಲ್ಲ ಸೇರಿಸಿದರೆ ಭಾವನ ಮಾತು ಸರಿಯಾಗಿಯೇ ಇರುವ ಸಾಧ್ಯತೆ ಹೆಚ್ಚು. ಒಪ್ಪಿಕೊಳ್ಳಿ. ಮೂರು ವರ್ಷ ದಾಟಿ ಮೊಟ್ಟೆ ಕಡಿಮೆಯಾದ ಕೋಳಿಯನ್ನು ಏನು ಮಾಡುತ್ತೀರಿ ಅಂತಲೂ ಕೇಳುತ್ತಾರೆ. ಕೋಳಿ ಆರೇಳು ವರ್ಷ ಬದುಕಬಲ್ಲದು, ಹಾಗಾಗಿ ಸಾಕುತ್ತೀರಾ, ಕೊಯ್ಯುತ್ತೀರಾ, ಕೊಟ್ಟುಬಿಡುತ್ತೀರಾ ಅನ್ನುವುದು ಮರಿ ತರುವ ಮುಂಚೆಯೇ ತೀರ್ಮಾನವಾಗಿರಲಿ. ಮೊಟ್ಟೆಗೆ ಹುಂಜ ಬೇಕಾಗಿಲ್ಲ ಅನ್ನುವುದನ್ನು ಮಾತ್ರ ಪ್ರತಿ ವರ್ಷ ಹೊಸದಾಗಿ ವಿವರಿಸಬೇಕಾಗುತ್ತದೆ, ಅದಕ್ಕೆ ಮದ್ದಿಲ್ಲ.

"ಎಲ್ಲ ಬೆಳೀತೀವಿ ಅಂತೀರಿ, ಮತ್ತೆ ದಿನಸಿ ಚೀಲ ಯಾಕೆ?" ಇದೂ ನ್ಯಾಯವಾದ ಪ್ರಶ್ನೆ. ಟೊಮೆಟೊ ನೂರು ಗ್ರಾಮಿಗೆ ಸುಮಾರು 18 ಕ್ಯಾಲರಿ. ಹತ್ತು ಕಿಲೋ ಟೊಮೆಟೊ ಬೆಳೆದರೂ 1,800 ಕ್ಯಾಲರಿ, ದುಡಿಯುವ ಒಬ್ಬರ ಒಂದು ದಿನದ ಹೊಟ್ಟೆಗೂ ಸಾಲದು. ಕೈತೋಟ ಕೊಡುವುದು ಸೊಪ್ಪು, ತರಕಾರಿ, ತಾಜಾತನ. ಧಾನ್ಯ, ಎಣ್ಣೆ, ಉಪ್ಪು ಹೊರಗಿನಿಂದಲೇ ಬರುತ್ತವೆ. "ನಾವು ಏನೂ ಕೊಳ್ಳುವುದಿಲ್ಲ" ಅಂತ ಒಮ್ಮೆ ಕೊಚ್ಚಿಕೊಂಡವರು ಮುಂದೆ ಪ್ರತಿ ಚೀಲಕ್ಕೂ ಸಮಜಾಯಿಷಿ ಕೊಡುತ್ತಾ ಇರಬೇಕಾಗುತ್ತದೆ.

ನೆಂಟರಿಗೆ ಬಾಟಲಿ ತುಂಬಿ ಕೊಟ್ಟು ಕಳಿಸುವಾಗ ಅಭಿಮಾನಕ್ಕಿಂತ ಎಚ್ಚರ ಮುಖ್ಯ. ಅವರು ಅದನ್ನು ಹೇಗೆ ಇಡುತ್ತಾರೆ, ಎಷ್ಟು ದಿನ ಇಡುತ್ತಾರೆ ನಿಮಗೆ ಗೊತ್ತಿರುವುದಿಲ್ಲ. ಹುಳಿ ಕಡಿಮೆ ಇರುವ ತರಕಾರಿಯನ್ನು, ಅಂದರೆ ಬೀನ್ಸ್, ಬಟಾಣಿ, ಜೋಳದಂಥವನ್ನು, ಬರೀ ಕುದಿಯುವ ನೀರಿನಲ್ಲಿ ಬೇಯಿಸಿ ಬಾಟಲಿಯಲ್ಲಿ ಗಾಳಿಯಾಡದಂತೆ ಮುಚ್ಚಿಟ್ಟರೆ ಬೊಟುಲಿಸಂ ಅನ್ನುವ ಮಾರಕ ಆಹಾರವಿಷದ ಅಪಾಯವಿದೆ. ಅದನ್ನು ತರುವ ಬ್ಯಾಕ್ಟೀರಿಯದ ಬೀಜಕಣಗಳು 100 ಡಿಗ್ರಿಗೆ ಸಾಯುವುದಿಲ್ಲ. ಒತ್ತಡದ ಪಾತ್ರೆಯಲ್ಲಿ 116ರಿಂದ 121 ಡಿಗ್ರಿ ಬೇಕು. ಹುಳಿಯ ಅಳತೆಯಾದ ಪಿಎಚ್ (ಕಡಿಮೆಯಾದಷ್ಟೂ ಹುಳಿ ಹೆಚ್ಚು) 4.6ಕ್ಕಿಂತ ಕೆಳಗಿದ್ದರೆ ಆ ಬ್ಯಾಕ್ಟೀರಿಯ ಬೆಳೆಯುವುದಿಲ್ಲ. ಟೊಮೆಟೊ ಸರಿಯಾಗಿ ಆ ಗಡಿಯಲ್ಲೇ ಓಲಾಡುವುದರಿಂದ ಅರ್ಧ ಲೀಟರ್ ಬಾಟಲಿಗೆ ಒಂದು ದೊಡ್ಡ ಚಮಚ ನಿಂಬೆರಸ ಹಾಕಲೇಬೇಕು, ಅದೂ ಬಾಟಲಿಯಲ್ಲಿ ಬರುವ ರಸ. ತಾಜಾ ನಿಂಬೆಯ ಹುಳಿ ಹಣ್ಣಿನಿಂದ ಹಣ್ಣಿಗೆ ಬದಲಾಗುತ್ತದೆ. ಎಣ್ಣೆಯಲ್ಲಿ ಮುಳುಗಿಸಿದ ಹಸಿ ಬೆಳ್ಳುಳ್ಳಿ ನೋಡಲು ಚೆಂದ, ಉಡುಗೊರೆಗೆ ಬೇಡವೇ ಬೇಡ. ಮನೆಯಲ್ಲಾದರೂ ಫ್ರಿಜ್‌ನಲ್ಲಿಟ್ಟು ನಾಲ್ಕು ದಿನದೊಳಗೆ ಮುಗಿಸಬೇಕು. ಉಪ್ಪಿನಲ್ಲಿ ಹುಳಿ ಬರಿಸಿದ ತರಕಾರಿ ಕೊಡುವುದಾದರೆ ಕಿಲೋ ತರಕಾರಿಗೆ 20ರಿಂದ 25 ಗ್ರಾಂ ಉಪ್ಪು, ತೂಗಿ ಹಾಕಿದ್ದು, ಅಂದಾಜಿನದ್ದಲ್ಲ. ಜೇನಿನ ಬಾಟಲಿಯ ಚೀಟಿಯಲ್ಲಿ ಒಂದು ವರ್ಷದೊಳಗಿನ ಮಗುವಿಗೆ ಕೊಡಬೇಡಿ ಅಂತ ಬರೆಯಿರಿ. ಹಾಲನ್ನು "ಹಸಿಯಾಗಿಯೇ ಕುಡಿದು ನೋಡಿ, ಎಷ್ಟು ರುಚಿ" ಅಂತ ಯಾರಿಗೂ ಒತ್ತಾಯಿಸಬೇಡಿ. ಕಾಯಿಸಿ ಕೊಡಿ.

ಈಗ ಎಲ್ಲಕ್ಕಿಂತ ದೊಡ್ಡ ದೂರು: ನೀವು ಎಲ್ಲಿಗೂ ಬರುವುದಿಲ್ಲ. ನಿಜವಾಗಿ ಸಂಬಂಧ ಹಳಸುವುದು ಇಲ್ಲೇ. ವಾಸನೆಯನ್ನು ನೆಂಟರು ಮರೆಯುತ್ತಾರೆ, ಮಗಳ ಮದುವೆಗೆ ಊಟದ ಹೊತ್ತಿಗೆ ಬಂದು ಕೈತೊಳೆದು ಓಡಿದ್ದನ್ನು ಮರೆಯುವುದಿಲ್ಲ. ಮೂರು ದಿನ ಮನೆ ಬಿಟ್ಟು ಹೋಗಲು ಆಗದ ವ್ಯವಸ್ಥೆ ಸ್ವಾವಲಂಬನೆಯಲ್ಲ, ಅದು ಅರ್ಧಕ್ಕೆ ನಿಂತ ಕೆಲಸ. ಹಾಗಾಗಿ ಹೊಸ ಪ್ರಾಣಿ, ಹೊಸ ಪಾತಿ ಸೇರಿಸುವ ಮುಂಚೆ ಇರುವುದನ್ನು ಮೂರು ದಿನ ತಾನಾಗಿ ನಡೆಯುವಂತೆ ಮಾಡಿಕೊಳ್ಳಬೇಕು.

ಆರು ಕೋಳಿಗೆ ಮೂರು ದಿನಕ್ಕೆ 2.2 ಕಿಲೋ ಮೇವು ಸಾಕು. ನೀರು ಸಾಧಾರಣ ದಿನದಲ್ಲಿ ಒಂದಕ್ಕೆ ಕಾಲು ಲೀಟರ್, ಬಿಸಿಲು ಜೋರಾದರೆ ಅರ್ಧ ಲೀಟರ್, ಅಂದರೆ ಹತ್ತು ಲೀಟರ್ ಇರಬೇಕು. ಅದನ್ನು ಒಂದೇ ಪಾತ್ರೆಯಲ್ಲಿ ಇಡಬೇಡಿ. ಒಂದು ಮಗುಚಿದರೂ ಇನ್ನೊಂದು ಉಳಿಯಲಿ. ಬಕೆಟ್ಟಿಗೆ ನಿಪ್ಪಲ್, ಅಂದರೆ ಕುಕ್ಕಿದಾಗ ಮಾತ್ರ ಹನಿ ಬಿಡುವ ಪುಟ್ಟ ನಳಿಕೆ, ಹಾಕಿದರೆ ನೀರು ಕೊಳೆಯಾಗುವುದಿಲ್ಲ, ಆದರೆ ಕೋಳಿ ಅದನ್ನು ಕುಕ್ಕಿ ಕುಡಿಯಲು ಕಲಿಯಲು ಒಂದೆರಡು ವಾರ ಬೇಕು. ಹೊರಡುವ ಹಿಂದಿನ ದಿನ ಹಾಕಿದರೆ ತುಂಬಿದ ಬಕೆಟ್ಟಿನ ಕೆಳಗೇ ಬಾಯಾರಿ ನಿಲ್ಲುತ್ತವೆ. ಬೆಳಕು ನೋಡಿ ಮುಚ್ಚುವ ಸ್ವಯಂಚಾಲಿತ ಬಾಗಿಲಿಗೆ ಹೊರಗಿನ ದೀಪ ಬಿದ್ದರೆ ರಾತ್ರಿಯಿಡೀ ಹಗಲು ಅಂದುಕೊಂಡು ತೆರೆದೇ ಇರುತ್ತದೆ. ಸೂರ್ಯ ಮುಳುಗಿ ಅರ್ಧ ಮುಕ್ಕಾಲು ಗಂಟೆಗೆ ಟೈಮರ್ ಇಡುವುದೇ ವಾಸಿ. ಕೋಳಿಬಲೆ ಅನ್ನುವ ಷಟ್ಕೋನದ ತೆಳು ತಂತಿ ಕೋಳಿಯನ್ನು ಒಳಗಿಡುತ್ತದೆ, ನಾಯಿ, ಮುಂಗುಸಿಯನ್ನು ಹೊರಗಿಡುವುದಿಲ್ಲ. 12 ಮಿಲಿಮೀಟರ್ ಚೌಕದ ಬೆಸುಗೆ ಜಾಲರಿ ಬೇಕು, ಸುತ್ತ ನೆಲದೊಳಗೆ ಮೂವತ್ತು ಸೆಂಟಿಮೀಟರ್ ಹೂತಿರಬೇಕು.

ತೋಟಕ್ಕೆ ಹನಿ ನೀರಾವರಿ ಹಾಕಿ ಟೈಮರ್ ಕಟ್ಟಿದ್ದೇವೆ ಅಂತ ನಿಶ್ಚಿಂತೆಯಿಂದ ಹೊರಟವರ ಗಿಡಗಳೂ ಒಣಗುತ್ತವೆ. ಕಾರಣ ಒತ್ತಡ. ಟ್ಯಾಂಕ್ ಒಂದೂವರೆ ಮೀಟರ್ ಎತ್ತರದ ಕಟ್ಟೆಯ ಮೇಲಿದ್ದರೆ ತಳದ ನೀರಿಗೆ ಸಿಗುವುದು 0.15 ಬಾರ್ (ಬಾರ್ ಅಂದರೆ ಒತ್ತಡದ ಅಳತೆ) ಮಾತ್ರ. ಗಂಟೆಗೆ 4 ಲೀಟರ್ ಅಂತ ಬರೆದ ಸಾಧಾರಣ ಡ್ರಿಪ್ಪರ್, ಅಂದರೆ ಹನಿ ಬಿಡುವ ಪುಟ್ಟ ತುದಿ, ಆ ಲೆಕ್ಕ ಕೊಡುವುದು ಒಂದು ಬಾರ್‌ನಲ್ಲಿ. ಇಲ್ಲಿ ಅದು ಒಂದೂವರೆ ಲೀಟರ್ ಕೊಟ್ಟರೆ ಪುಣ್ಯ. ಒತ್ತಡ ಸರಿದೂಗಿಸುವ ದುಬಾರಿ ಡ್ರಿಪ್ಪರ್‌ಗಳಿಗೆ ಸಾಮಾನ್ಯವಾಗಿ ಅರ್ಧ ಬಾರ್ ಆದರೂ ಬೇಕು, ಅವು ಇಲ್ಲಿ ದಂಡ. ನಲ್ಲಿಗೆ ಹಾಕುವ, ವಿದ್ಯುತ್ ಅಯಸ್ಕಾಂತದಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ಟೈಮರ್‌ಗಳೂ ಇಷ್ಟು ಕಡಿಮೆ ಒತ್ತಡದಲ್ಲಿ ಸರಿಯಾಗಿ ತೆರೆಯುವುದಿಲ್ಲ, ಮುಚ್ಚುವುದಿಲ್ಲ. ಒಳಗೆ ಮೋಟಾರಿನಿಂದ ತಿರುಗುವ ಬಾಲ್ ವಾಲ್ವ್ ಇರುವ ಟೈಮರ್ ಕೇಳಿ ಕೊಳ್ಳಬೇಕು. ಅದರ ಬ್ಯಾಟರಿ ವಾಲ್ವ್ ತೆರೆದಾಗಲೇ ಸತ್ತರೆ ಟ್ಯಾಂಕ್ ಪೂರ್ತಿ ಖಾಲಿ. ಅದಕ್ಕೇ ಹನಿ ನೀರಾವರಿಗೆ ಮುಖ್ಯ ಟ್ಯಾಂಕ್ ಜೋಡಿಸದೆ 200 ಲೀಟರಿನ ಪ್ರತ್ಯೇಕ ಡ್ರಮ್ ಜೋಡಿಸಿ. ಕೈಕೊಟ್ಟರೆ ಹೋಗುವುದು ಅಷ್ಟೇ. ಹೊರಡುವ ಮುನ್ನ ಬೀನ್ಸ್, ಸೌತೆ ಎಳೆಯದಾದರೂ ಕಿತ್ತುಬಿಡಿ. ಬಲಿತ ಕಾಯಿ ಬಳ್ಳಿಯಲ್ಲಿ ಉಳಿದರೆ ಹೊಸ ಹೂ ಬಿಡುವುದನ್ನು ಬಳ್ಳಿ ನಿಧಾನ ಮಾಡುತ್ತದೆ.

ಹಾಲು ಕರೆಯುವ ಪ್ರಾಣಿ ಇದ್ದರೆ ನಿಜಕ್ಕೂ ಕಷ್ಟ, ಅದನ್ನು ಮುಚ್ಚಿಡುವುದಿಲ್ಲ. ಕರು ಜೊತೆಯಲ್ಲೇ ಇರಿಸಿಕೊಂಡವರಿಗೆ ಒಂದು ದಾರಿಯಿದೆ: ಮಾಮೂಲು ದಿನ ರಾತ್ರಿ ಕರುವನ್ನು ಬೇರೆ ಕಟ್ಟಿ ಬೆಳಿಗ್ಗೆ ಕರೆಯಿರಿ, ಊರಿಗೆ ಹೋದಾಗ ಕರುವನ್ನು ತಾಯಿಯ ಜೊತೆಗೇ ಬಿಟ್ಟುಬಿಡಿ. ಕರು ದೊಡ್ಡದಾಗಿದ್ದು, ಹಾಲು ಅದೊಂದೇ ಕುಡಿದು ಮುಗಿಸುವಷ್ಟಿದ್ದರೆ ಮಾತ್ರ ಇದು ನಡೆಯುತ್ತದೆ. ಹೆಚ್ಚು ಹಾಲಿನ ಹಸುವಿನಲ್ಲಿ ಒಂದು ಮೊಲೆ ತುಂಬಿಯೇ ಉಳಿದು ಕೆಚ್ಚಲು ಬಾವು ಬರುತ್ತದೆ. ಉದ್ದದ ಪ್ರಯಾಣವನ್ನು ಕರು ಹಾಕುವ ಮುಂಚಿನ ಎರಡು ತಿಂಗಳ ಬತ್ತಿದ ಅವಧಿಗೆ ಹೊಂದಿಸಿ, ಆದರೆ ಕೊನೆಯ ಎರಡು ವಾರ ಬಿಟ್ಟು. ಹಸುವಿನ ಗಬ್ಬ ಸುಮಾರು 283 ದಿನ, ಆಡಿನದ್ದು 150. ಗಬ್ಬ ಕಟ್ಟಿಸುವ ದಿನವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿದರೆ ಮುಂದಿನ ವರ್ಷ ಯಾವ ಸಮಾರಂಭಕ್ಕೆ ಹೋಗಬಹುದು ಅಂತ ಈಗಲೇ ಹೇಳಬಹುದು.

ಇಷ್ಟಾದರೂ ಕಣ್ಣಾಡಿಸಲು ಒಬ್ಬರು ಬೇಕು. ಮೊದಲ ಪರೀಕ್ಷೆ ನೀವು ಮನೆಯಲ್ಲಿದ್ದಾಗಲೇ ಆಗಲಿ: ಒಂದು ಪೂರ್ತಿ ದಿನ ಏನನ್ನೂ ಮುಟ್ಟದೆ ಕೂತು ನೋಡಿ, ಯಾವುದು ಮೊದಲು ಕೈಕೊಡುತ್ತದೆ ಅಂತ. ಆಮೇಲೆ ಹಾಳೆ ಬರೆಯಿರಿ. ಬಾಯಲ್ಲಿ ಹೇಳಿದ್ದು ಗೇಟಿನವರೆಗೂ ನೆನಪಿರುವುದಿಲ್ಲ. ಹಾಳೆ ಒಂದೇ ಪುಟ, ದೊಡ್ಡ ಅಕ್ಷರ, ಮೇವಿನ ಡ್ರಮ್ಮಿನ ಮುಚ್ಚಳದ ಮೇಲೆ ಅಂಟಿಸಿದ್ದು. ಹೀಗೆ:

"ಬೆಳಿಗ್ಗೆ: ಕೋಳಿ ಎಣಿಸಿ, ಆರು ಇರಬೇಕು. 'ಶನಿವಾರ' ಅಂತ ಬರೆದ ಡಬ್ಬಿ ಪೂರ್ತಿ ಸುರಿಯಿರಿ, ಜಾಸ್ತಿ ಬೇಡ. ಎರಡೂ ಬಕೆಟ್ಟಿನ ನೀರು ಕೆಂಪು ಗೆರೆಗಿಂತ ಮೇಲಿದೆಯಾ ನೋಡಿ. ಮೊಟ್ಟೆ ನಿಮಗೇ.

ಸಂಜೆ: ಕತ್ತಲಾದ ಮೇಲೆ ಟಾರ್ಚ್ ಹಿಡಿದು ಗೂಡಿನೊಳಗೆ ಮತ್ತೆ ಎಣಿಸಿ, ಆರು. ಎರಡೂ ಅಗುಳಿ ಹಾಕಿ.

ಗಾಬರಿ ಬೇಡ: ಕಂದು ಕೋಳಿ ಗೂಡಲ್ಲೇ ಉಬ್ಬಿ ಕೂತು ಕುಕ್ಕಲು ಬಂದರೆ ಅದು ಕಾವಿಗೆ ಕೂತಿದೆ, ಕಾಯಿಲೆ ಅಲ್ಲ.

ಕೂಡಲೇ ಫೋನ್ ಮಾಡಿ: ಎಣಿಕೆ ಐದು ಬಂದರೆ. ತೋಟದ ನೀರಿನ ನೀಲಿ ಡ್ರಮ್ ಖಾಲಿಯಾಗಿದ್ದರೆ. ಯಾವುದೇ ಪ್ರಾಣಿ ಮೇವು ಮುಟ್ಟದಿದ್ದರೆ."

ಮೇವನ್ನು ದಿನಕ್ಕೊಂದು ಡಬ್ಬಿಯಂತೆ ಮೊದಲೇ ಅಳೆದಿಟ್ಟರೆ "ಒಂದು ಹಿಡಿ" ಅಂದರೆ ಎಷ್ಟು ಅನ್ನುವ ಚರ್ಚೆ ಇರುವುದಿಲ್ಲ. ಕೆಲಸ ದಿನಕ್ಕೆ ಎರಡು ಸಲ, ತಲಾ ಹತ್ತು ನಿಮಿಷ ಮೀರಬಾರದು. ಮೀರುತ್ತಿದ್ದರೆ ವ್ಯವಸ್ಥೆ ಇನ್ನೂ ತಯಾರಿಲ್ಲ. ಕೊಂಕು ಮಾತಿನ ಚಿಕ್ಕಪ್ಪನನ್ನೇ ಈ ಕೆಲಸಕ್ಕೆ ಕರೆಯಿರಿ ಅನ್ನುವುದು ನನ್ನ ಸಲಹೆ. ಅನುಭವಸ್ಥ ಪಕ್ಕದವರು ಬರೆಯದೆ ಬಿಟ್ಟದ್ದನ್ನು ತಾವೇ ತುಂಬಿಕೊಂಡು ಬಿಡುತ್ತಾರೆ, ಹಾಳೆಯ ತಪ್ಪು ಗೊತ್ತಾಗುವುದೇ ಇಲ್ಲ. ಚಿಕ್ಕಪ್ಪ ಅಕ್ಷರಕ್ಕೆ ಅಕ್ಷರ ಓದುತ್ತಾರೆ, ಅಗುಳಿ ಯಾವ ಕಡೆ ತಿರುಗಿಸಬೇಕು ಅಂತ ಬರೆದಿಲ್ಲ ಅಂತ ಫೋನ್ ಮಾಡುತ್ತಾರೆ. ಹಾಳೆಯ ಕೊನೆಯಲ್ಲಿ ಎರಡು ಸಾಲು ಖಾಲಿ ಬಿಟ್ಟು ಮೇಲೆ "ಏನು ಅರ್ಥವಾಗಲಿಲ್ಲ?" ಅಂತ ಬರೆಯಿರಿ, ಪಕ್ಕದಲ್ಲಿ ದಾರ ಕಟ್ಟಿದ ಪೆನ್ಸಿಲ್ ಇರಲಿ. ಅವರು ಅಲ್ಲಿ ಬರೆದದ್ದು ಮುಂದಿನ ಸಲದ ಹಾಳೆಯಲ್ಲಿ ಮೊದಲ ಸಾಲಾಗಬೇಕು.